ಮನೆಯವರಿಗೂ ಒಂದು ಪರೀಕ್ಷೆ



ಹೆಪಟೈಟಿಸ್ ಬಿ ನಮ್ಮಲ್ಲಿ ಹೆಚ್ಚಿನವರ ಮನೆಗೆ ಕಾಯಿಲೆಯಾಗಿ ಬರುವುದಿಲ್ಲ, ಕಾಗದವಾಗಿ ಬರುತ್ತದೆ. ಜ್ವರ ಇರುವುದಿಲ್ಲ, ಹೊಟ್ಟೆನೋವು ಇರುವುದಿಲ್ಲ, ಕಣ್ಣು ಹಳದಿಯಾಗಿರುವುದಿಲ್ಲ. ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟು ಬಿಸ್ಕತ್ತು ತಿಂದು ಬಂದ ಹುಡುಗನಿಗೆ ನಾಲ್ಕು ದಿನ ಬಿಟ್ಟು ಬ್ಲಡ್ ಬ್ಯಾಂಕಿನಿಂದ ಫೋನ್ ಬರುತ್ತದೆ. ಗಲ್ಫಿಗೆ ಹೊರಟ ಕರಾವಳಿಯ ಯುವಕ ವೀಸಾದ ಮೆಡಿಕಲ್‌ಗೆ ಹೋಗಿ ‘ಅನ್‌ಫಿಟ್’ ಎನ್ನಿಸಿಕೊಂಡು ಬರುತ್ತಾನೆ. ಹರ್ನಿಯಾ ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಂಡವರಿಗೆ ಹಿಂದಿನ ದಿನ ಸಂಜೆ ತಿಳಿಯುತ್ತದೆ. ಇವರೆಲ್ಲರಿಗಿಂತ ಹೆಚ್ಚಾಗಿ ತಿಳಿಯುವುದು ಮೂರು ತಿಂಗಳ ಬಸುರಿಗೆ. ತಾಯಿ ಕಾರ್ಡಿನ ಜೊತೆ ಮಡಚಿಟ್ಟ ಲ್ಯಾಬ್ ಚೀಟಿಯಲ್ಲಿ ‘ಎಚ್‌ಬಿಎಸ್‌ಎಜಿ ರಿಯಾಕ್ಟಿವ್’ ಎಂದು ಬರೆದಿರುತ್ತದೆ. ಅದರ ಕೆಳಗೆ ಯಾರಾದರೂ ಕೆಂಪು ಪೆನ್ನಿನಲ್ಲಿ ಗೆರೆಯನ್ನೂ ಎಳೆದಿರುತ್ತಾರೆ.

ಅಲ್ಲಿಂದ ಮುಂದೆ ಮನೆಯಲ್ಲಿ ಏನು ನಡೆಯುತ್ತದೆ ಎನ್ನುವುದನ್ನು, ಈ ಚೀಟಿಗಳನ್ನು ವರ್ಷಗಟ್ಟಲೆ ಓದಿದ ನಾನು ಕುರ್ಚಿಯಲ್ಲಿ ಕೂತೇ ಹೇಳಬಲ್ಲೆ. ಮೊದಲು ತಟ್ಟೆ ಲೋಟ ಬೇರೆಯಾಗುತ್ತವೆ. ಟವೆಲು ಬೇರೆಯಾಗುತ್ತದೆ. ನಾದಿನಿಯ ಮಗುವನ್ನು ಎತ್ತಿಕೊಳ್ಳಬೇಡ ಎಂದು ಯಾರೋ ಮೆತ್ತಗೆ ಹೇಳುತ್ತಾರೆ. ರಾತ್ರಿಯಾದ ಮೇಲೆ ಒಳಕೋಣೆಯಲ್ಲಿ ಆ ಪ್ರಶ್ನೆ ಬರುತ್ತದೆ: ‘ಇದು ನಿನಗೆ ಎಲ್ಲಿಂದ ಬಂತು?’ ಇಷ್ಟೆಲ್ಲ ಆಗುವಾಗ ಪ್ರಶ್ನೆ ಕೇಳಿದ ಗಂಡನ ರಕ್ತವನ್ನು ಯಾರೂ ಪರೀಕ್ಷೆ ಮಾಡಿಸಿರುವುದಿಲ್ಲ. ‘ನಮ್ಮ ಮನೆಯವರಿಗೇನೂ ಇಲ್ಲ ಡಾಕ್ಟ್ರೇ, ಗಟ್ಟಿಮುಟ್ಟಾಗಿದಾರೆ’ ಎಂದು ಆ ಹೆಣ್ಣುಮಗಳೇ ಹೇಳುತ್ತಾಳೆ. ಬೇಡದ್ದನ್ನೆಲ್ಲ ಮನೆಯವರು ಶ್ರದ್ಧೆಯಿಂದ ಮಾಡಿರುತ್ತಾರೆ, ಬೇಕಾದ ಒಂದನ್ನು ಮಾತ್ರ ಬಿಟ್ಟಿರುತ್ತಾರೆ. ಜುಲೈ 28ರ ವಿಶ್ವ ಹೆಪಟೈಟಿಸ್ ದಿನದ ಈ ಮಾತಿನಲ್ಲಿ ಆ ಬಿಟ್ಟುಹೋದದ್ದರ ಬಗ್ಗೆಯೇ ಹೆಚ್ಚು ಹೇಳಬೇಕೆಂದಿದ್ದೇನೆ.

ಮೊದಲು ಆ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಹೆಂಡತಿಯಲ್ಲಿ ಇದು ಮೊದಲು ಪತ್ತೆಯಾಗುವುದಕ್ಕೆ ಕಾರಣ ಸರಳವಾಗಿದೆ. ಬಸುರಿಯಾದ ಹೆಣ್ಣನ್ನು ಸರ್ಕಾರ ಪರೀಕ್ಷಿಸುತ್ತದೆ, ಅಪ್ಪನಾಗುವ ಗಂಡಿಗೆ ಅಂಥ ಸಂದರ್ಭವೇ ಒದಗುವುದಿಲ್ಲ. ಸಕ್ಕರೆ, ಬಿಪಿ ಮಾತ್ರ ನೋಡಿಸಿಕೊಂಡು ನಲವತ್ತು ದಾಟುವ ಗಂಡಸರಿದ್ದಾರೆ. ಚೀಟಿ ಹೇಳುವುದು ಪರೀಕ್ಷೆ ಮೊದಲು ಯಾರಿಗಾಯಿತು ಎಂಬುದನ್ನು ಮಾತ್ರ. ವೈರಸ್ ಮೊದಲು ಯಾರಿಗೆ ಬಂತು ಎನ್ನುವುದು ಅದರಲ್ಲಿಲ್ಲ. ಯಾವಾಗ ಬಂತು, ಯಾರಿಂದ ಬಂತು ಎನ್ನುವುದೂ ಅದರಲ್ಲಿಲ್ಲ.

ಹಾಗಾದರೆ ಬಂದದ್ದು ಯಾವಾಗ? ಇಲ್ಲಿ ಒಂದು ಲೆಕ್ಕವಿದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ವೈರಸ್ ದಾಟಿದರೆ, ಲಸಿಕೆಯಿಲ್ಲದ ಅಂಥ ನೂರು ಮಕ್ಕಳಲ್ಲಿ ಸುಮಾರು ತೊಂಬತ್ತು ಮಕ್ಕಳಲ್ಲಿ ಅದು ಬದುಕಿನುದ್ದಕ್ಕೂ ಉಳಿದುಬಿಡುತ್ತದೆ. ಒಂದರಿಂದ ಐದು ವರ್ಷದೊಳಗೆ ತಗುಲಿದರೆ ಕಾಲುಭಾಗದಿಂದ ಅರ್ಧದಷ್ಟು ಮಕ್ಕಳಲ್ಲಿ ಉಳಿಯುತ್ತದೆ. ದೊಡ್ಡವರಾದ ಮೇಲೆ, ಆರೋಗ್ಯವಂತ ಶರೀರಕ್ಕೆ ತಗುಲಿದರೆ ಲೆಕ್ಕ ತಿರುಗಿಬಿಡುತ್ತದೆ. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನ ಆರು ತಿಂಗಳೊಳಗೆ ಅದನ್ನು ತಾವಾಗಿಯೇ ಹೊರಹಾಕುತ್ತಾರೆ. ಮಗುವಿನ ದೇಹಕ್ಕೆ ಈ ವೈರಸ್ಸು ಪರಕೀಯ ಎಂದು ಇನ್ನೂ ಗೊತ್ತಾಗುವುದಿಲ್ಲ, ಅದು ಜಗಳಕ್ಕೇ ಹೋಗುವುದಿಲ್ಲ. ದೊಡ್ಡವರ ದೇಹ ಜಗಳಕ್ಕೆ ನಿಲ್ಲುತ್ತದೆ. ಕಣ್ಣು ಹಳದಿಯಾಗುವುದು, ಸುಸ್ತು, ವಾಂತಿ ಎಲ್ಲ ಆ ಜಗಳದ ಗುರುತುಗಳು.

ಹಾಗಾಗಿ ಇಪ್ಪತ್ತೈದು ವರ್ಷದ ಹೆಂಗಸಿನಲ್ಲಾಗಲಿ ನಲವತ್ತರ ಗಂಡಸಿನಲ್ಲಾಗಲಿ, ಯಾವ ತೊಂದರೆಯೂ ಇಲ್ಲದೆ ಇದು ಆಕಸ್ಮಿಕವಾಗಿ ಪತ್ತೆಯಾಗಿ ಆರು ತಿಂಗಳಾದ ಮೇಲೂ ಹಾಗೇ ಇದ್ದರೆ, ಅದು ತೊಟ್ಟಿಲಲ್ಲೋ ಅಂಗಳದಲ್ಲಿ ಆಡುತ್ತಿದ್ದ ವಯಸ್ಸಿನಲ್ಲೋ ಬಂದಿರುವ ಸಾಧ್ಯತೆಯೇ ದೊಡ್ಡದು. ಹೆತ್ತ ತಾಯಿಗೆ ತನ್ನಲ್ಲಿ ಅದಿದೆಯೆಂದು ಗೊತ್ತಿರಲಿಲ್ಲ. ಆ ಕಾಲದಲ್ಲಿ ಹಳ್ಳಿಯ ಡಾಕ್ಟರು ಸ್ಟೀಲ್ ಡಬ್ಬಿಯ ನೀರಿನಲ್ಲಿ ಕುದಿಸುತ್ತಿದ್ದ ಗಾಜಿನ ಸಿರಿಂಜು ನಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಸಂತೆಯ ದಿನ ಜನ ಹೆಚ್ಚಾದಾಗ ಆ ನೀರು ಕುದಿಯುವವರೆಗೆ ಯಾರೂ ಕಾಯುತ್ತಿರಲಿಲ್ಲ. ಜಾತ್ರೆಯಲ್ಲಿ ಹಾಕಿಸಿಕೊಂಡ ಹಚ್ಚೆ, ಮುಡಿ ಕೊಟ್ಟ ಕತ್ತಿ, ಕಜ್ಜಿಯ ಗಾಯವಿದ್ದ ಮಕ್ಕಳ ಜೊತೆಯ ಆಟ, ಇವುಗಳಲ್ಲಿ ಯಾವುದೂ ಆಗಿರಬಹುದು. ಹಳೆಯ ಕಾಲದ ಮಾತಷ್ಟೇ ಅಲ್ಲ ಇದು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಮಂದಿ ಸತ್ತರು. ಒಂದು ಇಂಜೆಕ್ಷನ್ ಚುಚ್ಚದಿದ್ದರೆ ಡಾಕ್ಟರೇ ಅಲ್ಲ ಎನ್ನುವ ನಮ್ಮ ಚಟಕ್ಕೂ ಅದರಲ್ಲಿ ಪಾಲಿತ್ತು ಎಂದು ನನ್ನ ಅಭಿಪ್ರಾಯ.

ಲೈಂಗಿಕ ಸಂಪರ್ಕದಿಂದ ಇದು ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬರುತ್ತದೆ, ಅದನ್ನೇ ಈಗ ಹೇಳಹೊರಟಿದ್ದೇನೆ. ಆದರೆ ಒಂದು ಚೀಟಿ ಹಿಡಿದುಕೊಂಡು ಸಂಸಾರದಲ್ಲಿ ವಿಚಾರಣೆ ನಡೆಸುವುದಕ್ಕೆ ವೈದ್ಯಶಾಸ್ತ್ರದ ಬೆಂಬಲವಿಲ್ಲ.

ವೈರಸ್ ಇರುವುದು ರಕ್ತದಲ್ಲಿ, ವೀರ್ಯದಲ್ಲಿ, ಯೋನಿಯ ಸ್ರಾವದಲ್ಲಿ. ಕೆಲವರ ಒಂದು ಮಿಲಿಲೀಟರ್ ರಕ್ತದಲ್ಲಿ ಅದು ಹತ್ತಾರು ಕೋಟಿಯ ಲೆಕ್ಕದಲ್ಲಿರುತ್ತದೆ, ಇನ್ನು ಕೆಲವರಲ್ಲಿ ಕೆಲವೇ ನೂರು. ಎಚ್‌ಐವಿಗೆ ಹೋಲಿಸಿದರೆ ಇದು ಎಷ್ಟೋ ಪಾಲು ಸುಲಭವಾಗಿ ಅಂಟುತ್ತದೆ, ಐವತ್ತರಿಂದ ನೂರು ಪಟ್ಟು ಎನ್ನುವುದು ವೈದ್ಯರು ಸಾಮಾನ್ಯವಾಗಿ ಕೊಡುವ ಲೆಕ್ಕ. ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲೂ ಅದು ಕನಿಷ್ಠ ಏಳು ದಿನ ಬದುಕಿರಬಲ್ಲದು. ಹಾಗಾಗಿ ಗಂಡ ಹೆಂಡಿರ ನಡುವೆ ಅದಕ್ಕೆ ಎರಡು ದಾರಿಗಳಿವೆ. ಒಂದು ಹಾಸಿಗೆಯದು, ಇನ್ನೊಂದು ಬಚ್ಚಲಿನದು. ಬಚ್ಚಲಿನ ಗೂಡಿನಲ್ಲಿರುವ ರೇಜರ್, ವಸಡಿನಿಂದ ರಕ್ತ ಬರುವವರ ಟೂತ್‌ಬ್ರಷ್, ಉಗುರು ಕತ್ತರಿ, ಇವೆಲ್ಲ ಅದಕ್ಕೆ ದಾರಿಯಾಗಬಲ್ಲವು. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಇನ್ನೊಂದು ವಸ್ತು ಸೇರಿಕೊಳ್ಳುತ್ತದೆ. ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರದ ಸೂಜಿಯನ್ನು ‘ನಾವಿಬ್ಬರೇ ಅಲ್ವಾ’ ಎಂದು ಹಂಚಿಕೊಳ್ಳುವ ದಂಪತಿಗಳಿದ್ದಾರೆ. ಅದನ್ನು ಮಾತ್ರ ಹಂಚಿಕೊಳ್ಳಲೇಬೇಡಿ.

ತಟ್ಟೆ, ಲೋಟ, ಅನ್ನ, ನೀರು, ಕೆಮ್ಮು, ಸೀನು, ಅಪ್ಪುಗೆ, ಒಂದೇ ಶೌಚಾಲಯ, ಸೊಳ್ಳೆ, ಇವು ಯಾವುದರಿಂದಲೂ ಇದು ಬರುವುದಿಲ್ಲ. ತಾಯಿಯ ಎದೆಹಾಲಿನಿಂದಲೂ ಬರುವುದಿಲ್ಲ. ಅವಳು ಮಾಡಿದ ಅಡುಗೆಯಿಂದ ಬರುತ್ತದೆ ಎನ್ನುವ ಭಯಕ್ಕಂತೂ ಆಧಾರವೇ ಇಲ್ಲ. ನೀರಿನಿಂದ, ಆಹಾರದಿಂದ ಬರುವ ಕಾಮಾಲೆ ಹೆಪಟೈಟಿಸ್ ಎ ಮತ್ತು ಇ. ಅಕ್ಷರ ಅಕ್ಕಪಕ್ಕದಲ್ಲಿದೆ ಎಂದು ಒಂದರ ಮೈಲಿಗೆಯನ್ನು ಇನ್ನೊಂದಕ್ಕೆ ಹಚ್ಚಬಾರದು. ಸಿ ಎಂಬುದು ಮತ್ತೂ ಬೇರೆ. ಅದಕ್ಕೆ ಲಸಿಕೆ ಇಲ್ಲ, ಆದರೆ ಮಾತ್ರೆಯಿಂದ ಪೂರ್ತಿ ಗುಣವಾಗುತ್ತದೆ, ಗಂಡ ಹೆಂಡಿರ ನಡುವೆ ಅದು ದಾಟುವುದೂ ಬಹಳ ಅಪರೂಪ. ಬಿ ಇದಕ್ಕೆ ವಿರುದ್ಧ. ಸದ್ಯದ ಔಷಧಿಯಿಂದ ಅದನ್ನು ಅದುಮಿಡಬಹುದು, ಬೇರು ಸಮೇತ ಕೀಳುವುದು ಅಪರೂಪ. ಆದರೆ ಜೊತೆಯವರನ್ನು ಕಾಪಾಡುವ ಲಸಿಕೆ ಅದಕ್ಕಿದೆ.

‘ಮದುವೆಯಾಗಿ ಹದಿನೈದು ವರ್ಷವಾಯಿತು, ಇಬ್ಬರು ಮಕ್ಕಳೂ ಆದರು. ಬರುವುದಿದ್ದರೆ ಇಷ್ಟು ಹೊತ್ತಿಗೆ ಬಂದಿರುತ್ತಿತ್ತಲ್ಲ?’ ಇದು ನಾನು ಅತಿ ಹೆಚ್ಚು ಕೇಳಿರುವ ಮಾತು, ಬುದ್ಧಿವಂತರ ಮಾತೂ ಹೌದು. ಅದಕ್ಕೆ ಉತ್ತರ ಸ್ವಲ್ಪ ಉದ್ದವಾಗಿದೆ. ಹದಿನೈದು ವರ್ಷದಲ್ಲಿ ಮೂರರಲ್ಲಿ ಒಂದು ಆಗಿರಬಹುದು. ನಿಮಗೆ ಗೊತ್ತೇ ಆಗದಂತೆ ಅದು ಬಂದು, ನಿಮ್ಮ ದೇಹ ಅದನ್ನು ಓಡಿಸಿ, ಈಗ ನೀವು ಆಜೀವ ರಕ್ಷಣೆ ಪಡೆದಿರಬಹುದು. ಅಥವಾ ಬಂದು, ಉಳಿದು, ನಿಮ್ಮಲ್ಲೂ ಸದ್ದಿಲ್ಲದೆ ಇರಬಹುದು. ಇಲ್ಲವೇ ನಿಜವಾಗಿಯೂ ಇದುವರೆಗೆ ತಪ್ಪಿಸಿಕೊಂಡಿರಬಹುದು. ಮೂರೂ ಸಂದರ್ಭದಲ್ಲಿ ನೀವು ಹೊರನೋಟಕ್ಕೆ ಒಂದೇ ಥರ ಗಟ್ಟಿಮುಟ್ಟಾಗಿರುತ್ತೀರಿ. ಮೂರನೆಯ ಗುಂಪಿಗೆ ಸೇರಿದವರು ‘ಇದುವರೆಗೆ ಬರಲಿಲ್ಲ’ ಎಂದು ಧೈರ್ಯವಾಗಿರುವುದು ಸರಿಯಲ್ಲ, ಏಕೆಂದರೆ ಸಂಗಾತಿಯ ರಕ್ತದಲ್ಲಿನ ವೈರಸ್ಸಿನ ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ವರ್ಷಗಟ್ಟಲೆ ತಣ್ಣಗಿದ್ದದ್ದು ಮತ್ತೆ ಏರಬಹುದು. ಸ್ಟೀರಾಯ್ಡ್, ಕ್ಯಾನ್ಸರಿನ ಔಷಧಿ, ಸಂಧಿವಾತಕ್ಕೆ ಕೊಡುವ ಕೆಲವು ಔಷಧಿಗಳು ಅದನ್ನು ಎಬ್ಬಿಸಬಲ್ಲವು.

ಈ ಮೂವರಲ್ಲಿ ನೀವು ಯಾರು ಎಂದು ತಿಳಿಯಲು ಒಂದು ಸಲ ರಕ್ತ ಕೊಟ್ಟರೆ ಸಾಕು. ಆದರೆ ಆ ರಕ್ತದಲ್ಲಿ ಮೂರು ಪರೀಕ್ಷೆ ಮಾಡಿಸಬೇಕು, ನಮ್ಮಲ್ಲಿ ಸಾಮಾನ್ಯವಾಗಿ ಮಾಡುವುದು ಒಂದನ್ನೇ. ಎಚ್‌ಬಿಎಸ್‌ಎಜಿ ಎನ್ನುವುದು ವೈರಸ್ ಈಗ ಒಳಗಿದೆಯೇ ಎಂದು ಹೇಳುತ್ತದೆ. ಅದು ನೆಗೆಟಿವ್ ಬಂದ ಕೂಡಲೆ ಗಂಡ ‘ನಂದು ಕ್ಲಿಯರ್’ ಎಂದು ಎದ್ದು ಹೋಗುತ್ತಾನೆ. ಅವನಿಗೆ ಸೋಂಕಿಲ್ಲ, ನಿಜ. ರಕ್ಷಣೆ ಇದೆಯೇ ಎಂಬುದು ಆ ಪರೀಕ್ಷೆಯಿಂದ ಗೊತ್ತಾಗುವುದಿಲ್ಲ. ಅದಕ್ಕೆ ಆ್ಯಂಟಿ ಎಚ್‌ಬಿಎಸ್ ಎಂಬ ಎರಡನೆಯದು ಬೇಕು. ಮೂರನೆಯದು ಆ್ಯಂಟಿ ಎಚ್‌ಬಿ ಕೋರ್, ಟೋಟಲ್. ಇದು ಹಿಂದೆ ಎಂದಾದರೂ ವೈರಸ್ಸು ಬಂದುಹೋಗಿತ್ತೇ ಎಂದು ಹೇಳುತ್ತದೆ. ಮೊದಲನೆಯದು ನೆಗೆಟಿವ್, ಉಳಿದೆರಡು ಪಾಸಿಟಿವ್ ಎಂದರೆ ಬಂದು ಹೋಗಿದೆ, ಲಸಿಕೆಯ ಅಗತ್ಯವಿಲ್ಲ. ಆದರೆ ಮುಂದೆ ಎಂದಾದರೂ ಕಿಮೋಥೆರಪಿಯಂಥ ಚಿಕಿತ್ಸೆ ಬೇಕಾದರೆ ಈ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಎರಡನೆಯದೊಂದೇ ಪಾಸಿಟಿವ್ ಎಂದರೆ ಲಸಿಕೆ ಹಾಕಿಸಿಕೊಂಡವರು. ಮೂರೂ ನೆಗೆಟಿವ್ ಬಂದವರಿಗೆ ಬಾಗಿಲು ತೆರೆದೇ ಇದೆ, ಲಸಿಕೆ ಬೇಕಾದದ್ದು ಅವರಿಗೆ. ಫಲಿತಾಂಶ ಬರಲೆಂದು ಕಾಯದೆ ರಕ್ತ ಕೊಟ್ಟ ದಿನವೇ ಮೊದಲ ಡೋಸ್ ಹಾಕಿಸಿಕೊಂಡರೂ ತಪ್ಪಿಲ್ಲ. ರಕ್ತ ಕೊಡುವುದು ಮೊದಲಾಗಲಿ, ಅಷ್ಟೇ. ಲಸಿಕೆ ಹಾಕಿಸಿಕೊಂಡ ಎರಡು ಮೂರು ವಾರದೊಳಗೆ ಎಚ್‌ಬಿಎಸ್‌ಎಜಿ ಮಾಡಿಸಿದರೆ ಲಸಿಕೆಯಲ್ಲಿರುವ ಪ್ರೋಟೀನೇ ಕಾಣಿಸಿಕೊಂಡು ಸುಳ್ಳು ಪಾಸಿಟಿವ್ ಬರಬಹುದು. ಇದು ತಿಳಿಯದೆ ಹೆದರಿ ಓಡಿಬಂದವರಿದ್ದಾರೆ.

ಲಸಿಕೆಯ ಕಥೆ ಚೆನ್ನಾಗಿದೆ, ಸ್ವಲ್ಪ ಹೇಳುತ್ತೇನೆ. ಬರೂಚ್ ಬ್ಲಂಬರ್ಗ್ ಎಂಬ ಅಮೆರಿಕದ ವಿಜ್ಞಾನಿ ಕಾಮಾಲೆಯನ್ನು ಹುಡುಕಿ ಹೊರಟವರಲ್ಲ. ಬೇರೆ ಬೇರೆ ಜನಸಮುದಾಯಗಳ ರಕ್ತದ ಪ್ರೋಟೀನುಗಳಲ್ಲಿ ಏನು ವ್ಯತ್ಯಾಸವಿದೆ ಎಂದು ನೋಡುತ್ತಿದ್ದರು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಸಿಕ್ಕ ವಿಚಿತ್ರ ಪ್ರೋಟೀನನ್ನು 1965ರಲ್ಲಿ ‘ಆಸ್ಟ್ರೇಲಿಯಾ ಆ್ಯಂಟಿಜೆನ್’ ಎಂದು ಕರೆದರು. ಅವರ ಪ್ರಯೋಗಾಲಯದ ತಂತ್ರಜ್ಞೆಯೊಬ್ಬರಿಗೆ ಕಾಯಿಲೆಯಾದಾಗ ಆಕೆ ತಮ್ಮದೇ ರಕ್ತವನ್ನು ಪರೀಕ್ಷಿಸಿದರು, ಅದೇ ಪ್ರೋಟೀನು ಅಲ್ಲಿತ್ತು. ಅದು ವೈರಸ್ಸಿನ ಹೊರಕವಚ ಎಂದು ಖಚಿತವಾಗತೊಡಗಿದ್ದು ಹೀಗೆ. ಇವತ್ತು ನಮ್ಮ ಲ್ಯಾಬ್ ಚೀಟಿಯಲ್ಲಿರುವ ಎಚ್‌ಬಿಎಸ್‌ಎಜಿ ಎಂದರೆ ಇದೇ. ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಜುಲೈ 28 ಅವರ ಹುಟ್ಟಿದ ದಿನ.

ಮೊದಲ ಲಸಿಕೆಯನ್ನು ಸೋಂಕಿತರ ರಕ್ತದಿಂದಲೇ ಆ ಹೊರಕವಚವನ್ನು ಬೇರ್ಪಡಿಸಿ ತಯಾರಿಸಿದರು. ಅದು ಕೆಲಸ ಮಾಡುತ್ತದೆಯೇ ಎಂದು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ನ್ಯೂಯಾರ್ಕಿನಲ್ಲಿ. ಸಾವಿರಕ್ಕೂ ಹೆಚ್ಚು ಸಲಿಂಗಿ ಪುರುಷರು ಸ್ವಂತ ಇಚ್ಛೆಯಿಂದ ತೋಳು ಚಾಚಿದರು. ಪ್ರಯೋಗ ನಡೆಸಿದವರು ವುಲ್ಫ್ ಸ್ಮುನೆಸ್, ಫಲಿತಾಂಶ ಪ್ರಕಟವಾದದ್ದು 1980ರಲ್ಲಿ. ಇಂದು ನಮ್ಮ ಗಂಡ ಹೆಂಡಿರನ್ನು ಕಾಯುತ್ತಿರುವ ಲಸಿಕೆಯ ಋಣ, ಸಮಾಜ ಆಗ ಮುಖ ತಿರುಗಿಸುತ್ತಿದ್ದ ಆ ಜನಕ್ಕೂ ಸಲ್ಲಬೇಕು. 1986ರಲ್ಲಿ ಯೀಸ್ಟಿನಲ್ಲಿ ಬೆಳೆಸಿದ ಲಸಿಕೆ ಬಂತು. ಅದರಲ್ಲಿ ಯಾರ ರಕ್ತವೂ ಇಲ್ಲ, ಜೀವಂತ ವೈರಸ್ಸೂ ಇಲ್ಲ, ಹಾಗಾಗಿ ಲಸಿಕೆಯಿಂದಲೇ ಕಾಯಿಲೆ ಬರುವ ಪ್ರಶ್ನೆಯಿಲ್ಲ. ನಮ್ಮ ದೇಶದಲ್ಲಿ ಅದು ಕೆಲಕಾಲ ಹಣವಂತರ ಲಸಿಕೆಯಾಗಿತ್ತು. 1997ರಲ್ಲಿ ವರಪ್ರಸಾದ್ ರೆಡ್ಡಿಯವರ ಶಾಂತಾ ಬಯೋಟೆಕ್ನಿಕ್ಸ್ ಹೈದರಾಬಾದಿನಲ್ಲಿ ತಯಾರಿಸಿ ಮಾರುಕಟ್ಟೆಗೆ ತಂದ ಮೇಲೆ ಬೆಲೆ ಹಲವು ಪಟ್ಟು ಇಳಿಯಿತು.

ಆದರೆ ಇಲ್ಲಿ ಒಂದು ತಾರೀಖಿನ ವಿಷಯ ಗಮನಿಸಬೇಕು. ಮಕ್ಕಳ ಸಾರ್ವತ್ರಿಕ ಲಸಿಕೆಯಲ್ಲಿ ಹೆಪಟೈಟಿಸ್ ಬಿ ಇಡೀ ದೇಶಕ್ಕೆ ಸೇರಿದ್ದು 2011ರಲ್ಲಿ. ಅದಕ್ಕೂ ಮುಂಚೆ ಕೆಲವು ನಗರ, ಜಿಲ್ಲೆ, ರಾಜ್ಯಗಳಲ್ಲಿ ಮಾತ್ರ ಇತ್ತು. ತೈವಾನ್ 1984ರಲ್ಲೇ ಹುಟ್ಟಿದ ಮಕ್ಕಳಿಗೆ ಲಸಿಕೆ ಶುರುಮಾಡಿ, ಮುಂದೆ ತನ್ನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿದದ್ದನ್ನು ಜಗತ್ತಿಗೆ ತೋರಿಸಿತು. ನಮ್ಮಲ್ಲಿ ಇಂದು ಸಂಸಾರ ಮಾಡುತ್ತಿರುವವರಲ್ಲಿ ಹೆಚ್ಚಿನವರು 2011ಕ್ಕೂ ಮೊದಲೇ ಹುಟ್ಟಿದವರು. ಮಗುವಿಗೆ ಎಲ್ಲ ಲಸಿಕೆ ಆಗಿದೆ ಎಂದು ಹೆಮ್ಮೆಯಿಂದ ಕಾರ್ಡ್ ತೋರಿಸುವ ಅಪ್ಪ ಅಮ್ಮನ ಮೈಯಲ್ಲಿ ಆ ರಕ್ಷಣೆ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ 2.98 ಕೋಟಿ ಜನರಲ್ಲಿ ಹೆಪಟೈಟಿಸ್ ಬಿ ಇತ್ತು. ಅಂದರೆ ಸುಮಾರು ನೂರಕ್ಕೆ ಇಬ್ಬರು. ಒಂದು ಮದುವೆ ಛತ್ರದ ಊಟದ ಪಂಕ್ತಿಯಲ್ಲೇ ಹಲವರು ಕೂತಿರುತ್ತಾರೆ, ಅವರಲ್ಲಿ ಬಹುಪಾಲು ಜನರಿಗೆ ಅದು ಗೊತ್ತಿರುವುದಿಲ್ಲ.

ಹಾಕಿಸಿಕೊಳ್ಳುವ ಕ್ರಮ ಹೀಗಿದೆ. ಇವತ್ತು ಒಂದು, ಒಂದು ತಿಂಗಳಿಗೆ ಎರಡನೆಯದು, ಮೊದಲನೆಯದರಿಂದ ಆರು ತಿಂಗಳಿಗೆ ಮೂರನೆಯದು. ಎರಡು ಹಾಕಿಸಿಕೊಂಡು ಮೂರನೆಯದನ್ನು ಮರೆಯುವುದು ನಮ್ಮ ಊರಿನ ರೋಗ. ಮರೆತಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ನೆನಪಾದ ದಿನ ಮೂರನೆಯದನ್ನು ಹಾಕಿಸಿಕೊಳ್ಳಿ. ಚುಚ್ಚಬೇಕಾದದ್ದು ತೋಳಿನ ಮೇಲ್ಭಾಗಕ್ಕೆ. ‘ತೋಳು ನೋಯುತ್ತದೆ, ಸೊಂಟಕ್ಕೆ ಹಾಕಿ ಸಿಸ್ಟರ್’ ಎಂದು ಕೇಳುವವರಿದ್ದಾರೆ. ಅಲ್ಲಿನ ಕೊಬ್ಬಿನ ಪದರದಲ್ಲಿ ಲಸಿಕೆ ಸಿಕ್ಕಿಕೊಂಡರೆ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ, ಹಾಕಿಸಿಕೊಂಡೂ ಪ್ರಯೋಜನವಾಗದೆ ಹೋಗಬಹುದು. ಬಸುರಿಯರೂ ಹಾಕಿಸಿಕೊಳ್ಳಬಹುದು.

ಮದುವೆ ಗೊತ್ತಾದ ಮೇಲೆ ಚೀಟಿ ಸಿಕ್ಕವರ ಕಥೆ ಬೇರೆ. ನಿಶ್ಚಿತಾರ್ಥಕ್ಕೂ ಧಾರೆಗೂ ನಡುವೆ ನಮ್ಮಲ್ಲಿ ಮೂರು ನಾಲ್ಕು ತಿಂಗಳಿರುತ್ತದೆ. ಮುಚ್ಚಿಟ್ಟು ಮದುವೆಯಾಗಿ, ಆಮೇಲೆ ಮಾತ್ರೆಯ ಡಬ್ಬಿ ಬೀರುವಿನಲ್ಲಿ ಸಿಕ್ಕಿ ಆಗುವ ರಂಪಕ್ಕಿಂತ, ಹುಡುಗನೋ ಹುಡುಗಿಯೋ ಮೊದಲೇ ನೇರವಾಗಿ ಹೇಳಿಬಿಡುವುದು ಎಷ್ಟೋ ಮೇಲು. ಹೇಳುವಾಗ ಜೊತೆಯಲ್ಲಿ ಪರಿಹಾರವನ್ನೂ ಇಟ್ಟುಕೊಂಡು ಹೇಳಬಹುದು: ತ್ವರಿತ ಕ್ರಮದಲ್ಲಿ ಸೊನ್ನೆ, ಒಂದು, ಎರಡನೆಯ ತಿಂಗಳಿಗೆ ಮೂರು ಡೋಸ್ ಮುಗಿಸಿ, ಒಂದು ವರ್ಷಕ್ಕೆ ನಾಲ್ಕನೆಯದನ್ನು ಕೊಡುವ ಪದ್ಧತಿಯಿದೆ. ಮದುವೆಯ ಸೀರೆ ಆರಿಸಿ ಮುಗಿಯುವುದರೊಳಗೆ ಮೂರು ಡೋಸ್ ಮುಗಿದಿರುತ್ತದೆ. ಇದನ್ನು ಹೇಳಲು ಭಯವಾದರೆ ಇಬ್ಬರೂ ಸೇರಿ ಒಬ್ಬ ವೈದ್ಯರ ಬಳಿ ಹೋಗಿ ಅವರ ಬಾಯಿಂದ ಹೇಳಿಸಿ. ಈ ಕೆಲಸವನ್ನು ನಾವು ಸಂತೋಷದಿಂದ ಮಾಡುತ್ತೇವೆ.

ಮೂರು ಇಂಜೆಕ್ಷನ್ ಆದ ಮೇಲೆ ಎಲ್ಲರೂ ಬಿಟ್ಟುಬಿಡುವ ಇನ್ನೊಂದು ಹೆಜ್ಜೆ ಇದೆ. ಸಾಮಾನ್ಯ ಜನರಿಗೆ ಇದು ಬೇಕಿಲ್ಲ, ಆದರೆ ಸಂಗಾತಿಗೆ ಸೋಂಕಿರುವವರಿಗೆ ಬೇಕೇಬೇಕು. ಕೊನೆಯ ಡೋಸ್ ಆಗಿ ಒಂದರಿಂದ ಎರಡು ತಿಂಗಳೊಳಗೆ ಆ್ಯಂಟಿ ಎಚ್‌ಬಿಎಸ್ ಎಷ್ಟಿದೆ ಎಂದು ಅಳೆಸಬೇಕು. ಅದು 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಬಂದಿದೆ ಎಂದರ್ಥ. ಆರೋಗ್ಯವಂತ ಯುವಕ ಯುವತಿಯರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಜನರಿಗೆ ಬರುತ್ತದೆ. ನಲವತ್ತು ದಾಟಿದವರಲ್ಲಿ ಅದು ಇಳಿಯುತ್ತದೆ, ಅರವತ್ತರ ಹೊತ್ತಿಗೆ ನಾಲ್ವರಲ್ಲಿ ಒಬ್ಬರಿಗೆ ಬರದೇ ಹೋಗಬಹುದು. ಬೀಡಿ ಸಿಗರೇಟು ಸೇದುವವರು, ತೂಕ ಹೆಚ್ಚಿರುವವರು, ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇರುವವರು, ಇವರಲ್ಲೂ ಕಡಿಮೆಯೇ. ಹಳೆಯ ದಂಪತಿಗಳಲ್ಲಿ ಇಂಥವರೇ ಹೆಚ್ಚು, ಹಾಗಾಗಿ ಹಾಕಿಸಿದ್ದೇವೆ ಎಂದು ಸುಮ್ಮನಾಗದೆ ಅಳೆಸಿ ನೋಡಬೇಕು. 10 ಬರದಿದ್ದವರಿಗೆ ಇನ್ನೊಂದು ಸುತ್ತು ಲಸಿಕೆ ಕೊಡುತ್ತೇವೆ, ಅವರಲ್ಲಿ ಬಹಳ ಜನರಿಗೆ ಆಗ ಬರುತ್ತದೆ.

ಅಲ್ಲಿಯವರೆಗೆ ಕಾಂಡೋಮ್ ಬಳಸಬೇಕು. ರೇಡಿಯೋದಲ್ಲಿ ಹೇಳಲು ಮುಜುಗರಪಡುವ ವಯಸ್ಸು ನನ್ನದಲ್ಲ. ‘ನಿರೋಧ್’ ಜಾಹೀರಾತನ್ನು ಇದೇ ರೇಡಿಯೋದಲ್ಲಿ ಕೇಳಿ ಬೆಳೆದ ತಲೆಮಾರು ನಾವು. ಕೆಲವರು ಚೀಟಿ ಬಂದ ದಿನದಿಂದ ವರ್ಷಗಟ್ಟಲೆ ಹಾಸಿಗೆಯನ್ನೇ ಬೇರೆ ಮಾಡಿಕೊಂಡು ಬದುಕುತ್ತಾರೆ, ಯಾರನ್ನೂ ಕೇಳುವುದಿಲ್ಲ. ಇನ್ನು ಕೆಲವರು ‘ಕಟ್ಟಿಕೊಂಡ ಮೇಲೆ ಬಂದದ್ದು ಬರಲಿ’ ಎಂದು ಏನನ್ನೂ ಮಾಡುವುದಿಲ್ಲ, ಅದನ್ನೇ ಪತಿಭಕ್ತಿ ಅಂದುಕೊಳ್ಳುತ್ತಾರೆ. ಎರಡೂ ಬೇಡ. ಅಳತೆ 10 ದಾಟಿದ ಮೇಲೆ ಹೆಪಟೈಟಿಸ್ ಬಿ ಕಾರಣಕ್ಕೆ ಕಾಂಡೋಮ್ ಬೇಕಿಲ್ಲ, ಮಕ್ಕಳು ಬೇಕೆಂದವರಿಗೂ ಅಡ್ಡಿಯಿಲ್ಲ. ಮಧ್ಯೆ ಏನಾದರೂ ಎಚ್ಚರ ತಪ್ಪಿದರೆ, ಕಾಂಡೋಮ್ ಹರಿದುಹೋಯಿತೋ ರಕ್ತ ಗಾಯಕ್ಕೆ ತಗುಲಿತೋ ಎಂದಾದರೆ, ಮಾರನೆಯ ದಿನವೇ ಆಸ್ಪತ್ರೆಗೆ ಬನ್ನಿ. ಸಿದ್ಧ ಪ್ರತಿಕಾಯದ ಇಂಜೆಕ್ಷನ್ ಒಂದಿದೆ, ಇಮ್ಯುನೋಗ್ಲಾಬ್ಯುಲಿನ್ ಎನ್ನುತ್ತೇವೆ. ಅದನ್ನು ಲಸಿಕೆಯ ಜೊತೆಗೆ 24 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು, ಲೈಂಗಿಕ ಸಂಪರ್ಕದ ವಿಷಯದಲ್ಲಿ ಎರಡು ವಾರದವರೆಗೂ ಪ್ರಯೋಜನವಿದೆ.

ಸೋಂಕಿರುವವರು ತಾವೇ ಲಸಿಕೆ ಹಾಕಿಸಿಕೊಂಡರೆ ಉಪಯೋಗವಿಲ್ಲ. ಅವರಿಗೆ ಬೇಕಾದದ್ದು ಲಿವರಿನ ತಪಾಸಣೆ, ವೈರಲ್ ಲೋಡ್ ಅಂದರೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣದ ಅಳತೆ, ಮತ್ತು ಅಗತ್ಯವಿದ್ದರೆ ಟೆನೊಫೊವಿರ್‌ನಂಥ ದಿನಕ್ಕೊಂದು ಮಾತ್ರೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧಿಯೂ ಉಚಿತ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮಾತ್ರೆ ಶುರುಮಾಡಿದ ಮೇಲೆ ವೈರಸ್ಸು ಇಳಿಯುತ್ತದೆ, ದಾಟುವ ಸಾಧ್ಯತೆಯೂ ಇಳಿಯುತ್ತದೆ, ಆದರೆ ಅದು ಸಂಗಾತಿಯ ಲಸಿಕೆಗೆ ಬದಲಿಯಲ್ಲ. ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಿದರೆ ವೈರಸ್ಸು ಒಮ್ಮೆಲೇ ಏಳುತ್ತದೆ, ಲಿವರ್ ಕುಸಿದು ಐಸಿಯುಗೆ ಬಂದವರಿದ್ದಾರೆ. ಬಸುರಿಯಲ್ಲಿ ವೈರಸ್ಸಿನ ಪ್ರಮಾಣ ಹೆಚ್ಚಿದ್ದರೆ ಏಳನೇ ತಿಂಗಳ ಸುಮಾರಿಗೆ ಮಾತ್ರೆ ಶುರುಮಾಡಿ, ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಮತ್ತು ಇಮ್ಯುನೋಗ್ಲಾಬ್ಯುಲಿನ್ ಕೊಟ್ಟರೆ ಮಗು ಬಹುತೇಕ ಸುರಕ್ಷಿತ. ಎದೆಹಾಲು ಧಾರಾಳವಾಗಿ ಕೊಡಬಹುದು.

ಕಾಮಾಲೆಗೆ ಕೊಡುವ ನೆಲನೆಲ್ಲಿಯ ವಿಷಯ ಬಿಟ್ಟರೆ ನಮ್ಮವರು ಒಪ್ಪುವುದಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಗೆ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕುಡಿಸುವುದು, ಉಪ್ಪು ಖಾರ ಎಣ್ಣೆ ಬಿಡಿಸುವುದು, ಕೆಲವೆಡೆ ಮೈಗೆ ಬರೆ ಹಾಕುವುದು, ಎಲ್ಲವೂ ಇದೆ. ಇದನ್ನು ಕೊಡುವವರೆಲ್ಲ ಮೋಸಗಾರರು ಎಂದು ನಾನು ಹೇಳುವುದಿಲ್ಲ. ಆದರೆ ಎ, ಇ ಕಾಮಾಲೆ ಮತ್ತು ದೊಡ್ಡವರಿಗೆ ಹೊಸದಾಗಿ ಬಂದ ಬಿ, ಇವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವೇ ಇಳಿಯುತ್ತವೆ, ಕೀರ್ತಿ ಸೊಪ್ಪಿಗೆ ಹೋಗುತ್ತದೆ. ವಿಜ್ಞಾನಿಗಳು ಇದನ್ನು ತಾತ್ಸಾರ ಮಾಡಿದರು ಎನ್ನುವಂತೆಯೂ ಇಲ್ಲ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ನೆಲನೆಲ್ಲಿಯಿಂದ ಬಿ ಸೋಂಕು ಅನೇಕರಲ್ಲಿ ಮಾಯವಾಯಿತೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬ್ಲಂಬರ್ಗ್ ಕೂಡ ಆ ಗಿಡದಲ್ಲಿ ಆಸಕ್ತಿ ತಾಳಿದ್ದರು. ಮುಂದೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ಬರೆ ಹಾಕುವ ಕಬ್ಬಿಣವೂ ಚುಚ್ಚುವ ಸೂಜಿಯೂ ಒಬ್ಬರಿಂದ ಒಬ್ಬರಿಗೆ ಹೋಗುತ್ತವೆ ಎನ್ನುವುದನ್ನು ಮಾತ್ರ ನೆನಪಿಡಿ. ಇನ್ನು ಹಳೆಯ ಬಿ ಸೋಂಕಿನವರಲ್ಲಿ ಕಣ್ಣು ಹಳದಿಯಾಗುವುದೇ ಅಪರೂಪ. ಹಳದಿ ಹೋಯಿತು ಎಂಬುದನ್ನು ನಂಬಿ ಸಂಗಾತಿಯ ಲಸಿಕೆ ಕೈಬಿಟ್ಟರೆ ನಷ್ಟ ನಿಮ್ಮದೇ.

ಕೊನೆಗೆ, ಲಸಿಕೆ ಫಲಿಸಿದ ಸಂಗಾತಿಗಳು ಕೇಳುವ ಪ್ರಶ್ನೆ: ‘ವರ್ಷಕ್ಕೊಂದು ಸಲ ಮತ್ತೆ ಹಾಕಿಸಬೇಕೇ, ಪ್ರತಿವರ್ಷ ಅಳೆಸಬೇಕೇ?’ ಒಮ್ಮೆ 10 ದಾಟಿದ ಆರೋಗ್ಯವಂತರಿಗೆ ಎರಡೂ ಬೇಡ. ವರ್ಷ ಕಳೆದಂತೆ ರಕ್ತದಲ್ಲಿ ಅಳತೆ ಇಳಿದರೂ ದೇಹದ ನೆನಪು ಉಳಿದಿರುತ್ತದೆ, ವೈರಸ್ ಬಂದರೆ ಅದು ಮತ್ತೆ ಎಚ್ಚೆತ್ತುಕೊಳ್ಳುತ್ತದೆ. ಡಯಾಲಿಸಿಸ್ ಮಾಡಿಸುವವರು ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದವರು ಮಾತ್ರ ಇದಕ್ಕೆ ಹೊರತು. ಹಾಗೆ ಉಳಿದ ದುಡ್ಡನ್ನೂ ಸಮಯವನ್ನೂ ಸೋಂಕಿರುವವರ ಕಡೆ ತಿರುಗಿಸಿ. ಆರು ತಿಂಗಳಿಗೊಮ್ಮೆ ಅವರ ಲಿವರ್ ಪರೀಕ್ಷೆ ಆಗಬೇಕು, ವೈದ್ಯರು ಹೇಳಿದವರಿಗೆ ಹೊಟ್ಟೆಯ ಸ್ಕ್ಯಾನಿಂಗ್ ಕೂಡ. ಆ ದಿನ ಅವರೊಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ.